ಅಕಸ್ಮಾತ್ ಮಾಮನ ನಾಮಿನಿ

ನಲವತ್ತೊಂದು ವರ್ಷ ವಿಮೆ ಮಾಡಿಸಿದ ಮನುಷ್ಯನಿಗೆ ಊರು ಒಂದು ಅಡ್ಡಹೆಸರಾದರೂ ಇಡದೆ ಬಿಡುತ್ತದೆಯೇ? ಅವರು ಯಾರ ಮನೆಗೇ ಹೋಗಲಿ, ಎದುರಿನವರ ಮುಖ ನೋಡಿ, ಒಮ್ಮೆ ಗಂಟಲು ಸರಿಮಾಡಿಕೊಂಡು, "ಅಕಸ್ಮಾತ್ ನಿಮಗೇನಾದರೂ ಆದರೆ..." ಎಂದೇ ಮಾತು ತೆಗೆಯುತ್ತಿದ್ದರು. ಆ 'ಏನಾದರೂ' ಅಂದರೆ ಏನು ಎಂಬುದನ್ನು ಇಷ್ಟು ವರ್ಷಗಳಲ್ಲಿ ಒಂದು ಸಲವೂ ಬಾಯಿಬಿಟ್ಟು ಹೇಳಿದವರಲ್ಲ. ಹಾಗಾಗಿ ದೊಡ್ಡವರಿಗೂ ಚಿಕ್ಕವರಿಗೂ ಅವರು ಅಕಸ್ಮಾತ್ ಮಾಮ. ಬೇಕರಿಯವನ ಮಗಳಂತೂ ಅದೇ ಅವರ ನಿಜವಾದ ಹೆಸರೆಂದುಕೊಂಡು ಶಾಲೆಯ ಪ್ರಬಂಧದಲ್ಲಿ ಹಾಗೆಯೇ ಬರೆದು, ಒಳ್ಳೆಯ ಅಂಕವನ್ನೂ ತೆಗೆದುಕೊಂಡು ಬಂದಿದ್ದಳು.

ಮಾಮನ ಫಜೀತಿ ಶುರುವಾದದ್ದು ಆ ಹುಡುಗಿಯಿಂದಲೇ. ಬೇಕರಿಯವನು ಮಗಳ ಹೆಸರಿನಲ್ಲಿ ಒಂದು ಪಾಲಿಸಿ ಮಾಡಿಸಿದ. ಮಾಮ ಅಲ್ಲೇ ಬಿಸ್ಕತ್ತಿನ ಡಬ್ಬಗಳ ನಡುವೆ ಕೂತು ಅರ್ಜಿ ತುಂಬಿದರು. ಎಡಗಣ್ಣಿನ ಪೊರೆ ಬಲಿತು ಆಗಲೇ ಆರು ತಿಂಗಳಾಗಿತ್ತು. ಹುಟ್ಟಿದ ವರ್ಷ ಬರೆಯುವ ಜಾಗ ಬಂದಾಗ ಕೈ ಹಳೆಯ ರೂಢಿಯಂತೆ ಹತ್ತೊಂಬತ್ತು ಎಂದು ಶುರುಮಾಡಿತು, ಕಣ್ಣು ಅದನ್ನು ತಡೆಯಲಿಲ್ಲ. ಒಂಬತ್ತು ವರ್ಷದ ಹುಡುಗಿ ಒಂದೇ ಗೀಟಿಗೆ ನೂರಾ ಒಂಬತ್ತು ವರ್ಷದವಳಾಗಿ ಕಂಪ್ಯೂಟರಿನೊಳಗೆ ಹೋದಳು.

ಮಾರನೆಯ ದಿನ ಶಾಖೆಯ ಮ್ಯಾನೇಜರ್ ಮಾಮನನ್ನು ಕರೆಸಿಕೊಂಡ. ಮಾಮನ ಸರ್ವಿಸಿನಷ್ಟು ವಯಸ್ಸೂ ಆಗಿಲ್ಲದವನು, ಆದರೆ ಮರ್ಯಾದಸ್ಥ.

"ಸಾರ್, ನಿಮ್ಮ ಹೊಸ ಗಿರಾಕಿಗೆ ನೂರಾ ಒಂಬತ್ತು ವರ್ಷ. ಇಷ್ಟು ದಿನ ಎಲ್ಲಿದ್ರಂತೆ ಅವರು?"

ಮಾಮ ಕಾಗದವನ್ನು ಮೂಗಿಗೆ ಹಿಡಿದು ನೋಡಿದರು. "ಪೆನ್ನು ಸರಿಯಿಲ್ಲ," ಎಂದರು.

"ಪೆನ್ನಿಗೆ ಆಪರೇಷನ್ ಮಾಡ್ಸೋಕಾಗಲ್ಲ ಸಾರ್, ಕಣ್ಣಿಗೆ ಮಾಡಿಸ್ಕೊಳ್ಳಿ. ಹಾಗೇ..." ಮ್ಯಾನೇಜರ್ ಮೇಜಿನ ಮೇಲಿದ್ದ ಒಂದು ಹಾಳೆಯನ್ನು ಅವರತ್ತ ಸರಿಸಿದ. "ನಿಮ್ಮ ಕೆಲಸ ಯಾರಿಗಾದ್ರೂ ವಹಿಸಿಕೊಡೋ ಫಾರಂ. ಒಂದೇ ಪುಟ. ಯಾರು ಅಂತ ನೀವೇ ಆರಿಸಿ. ನಾವು ತುಟಿಪಿಟಕ್ ಅನ್ನಲ್ಲ."

"ಯೋಚನೆ ಮಾಡ್ತೀನಿ," ಎಂದರು ಮಾಮ.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅವರಿಗೇ ನಗು ಬಂತು. ಈ ಊರಿನಲ್ಲಿ ಸಾವಿರಾರು ಜನ ತಮಗೆ ಹೇಳಿ ಸಾಗಹಾಕಿದ ಮಾತು ಅದು. ಹಾಗೆಂದವರ ಮನೆಗೆ ಅವರು ವಾರಕ್ಕೊಮ್ಮೆ ಹೋಗಿ, "ಯೋಚನೆ ಆಯ್ತಾ?" ಎಂದು ಕೇಳಿ ಜೀವ ಹಿಂಡುತ್ತಿದ್ದರು.

ಮನೆಯಲ್ಲಿ ಹೆಂಡತಿ ಆಗಲೇ ಯೋಚನೆ ಮುಗಿಸಿ ಕೂತಿದ್ದರು. ಆಕೆ ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವರು. ಉತ್ತರ ಮೊದಲೇ ಗೊತ್ತಿದ್ದರೂ ಎದುರಿನವರು ತಡಕಾಡುವುದನ್ನು ನೋಡುವ ತಾಳ್ಮೆ ಅವರಿಗಿತ್ತು.

"ನಿಮ್ಮ ತಂಗಿ ಮಗಳು ಇದ್ದಾಳಲ್ಲ," ಎಂದರು.

"ಅವಳಾ? ಅವಳು ಕ್ಲಿನಿಕ್ಕಲ್ಲಿ ಟೋಕನ್ ಕೂಗೋಳು."

ಅದು ನಿಜವೇ. ಅವಳು ಒಂಬತ್ತು ವರ್ಷ ಕ್ಲಿನಿಕ್ಕಿನ ಮುಂಬಾಗಿಲಲ್ಲಿ ಕೂತಿದ್ದವಳು, "ಮುಂದಿನವರು ಬನ್ನಿ" ಎಂದು ಕೂಗಿದರೆ ಬಸ್ ಸ್ಟಾಪಿನಲ್ಲಿ ನಿಂತವರೂ ಎರಡು ಹೆಜ್ಜೆ ಮುಂದೆ ಬರುತ್ತಿದ್ದರು. ವೈದ್ಯರು ನಿವೃತ್ತರಾಗಿ ಕ್ಲಿನಿಕ್ ಮುಚ್ಚಿದ ಮೇಲೆ ಅವಳು ಸುಮ್ಮನೆ ಕೂತಿರಲಿಲ್ಲ.

"ಕೂಗೋಳಲ್ಲ, ಕೂಗ್ತಿದ್ದೋಳು," ಎಂದರು ಹೆಂಡತಿ. "ಈಗ ಏಜೆಂಟ್ ಪರೀಕ್ಷೆ ಪಾಸು ಮಾಡಿದ್ದಾಳೆ. ನಾಲ್ಕು ತಿಂಗಳು ಇದೇ ಊಟದ ಮೇಜಿನ ಮೇಲೆ ಓದಿದಳು, ನಿಮ್ಮ ಕಣ್ಣಿಗೆ ಬೀಳಲಿಲ್ವಾ?"

"ಅಡುಗೆ ಪುಸ್ತಕ ಅಂದ್ಕೊಂಡಿದ್ದೆ."

"ಅದಕ್ಕೇ ಅನ್ನೋದು ಆಪರೇಷನ್ ಮಾಡಿಸ್ಕೊಳ್ಳಿ ಅಂತ."

ಹೀಗೆ ಮರುದಿನದಿಂದ ಸೋದರಮಾವ ಸೊಸೆಯರ ಸವಾರಿ ಹೊರಟಿತು. ಒಂದೊಂದೇ ಮನೆಗೆ ಹೋಗಿ, ಇನ್ನು ಮುಂದೆ ನಿಮ್ಮ ಪಾಲಿಸಿಯ ಕೆಲಸಕ್ಕೆಲ್ಲ ಇವಳೇ ಬರುತ್ತಾಳೆ ಎಂದು ಹೇಳುವುದೆಂದು ಮಾತಾಗಿತ್ತು. ಆದರೆ ಹೊಸಿಲು ದಾಟಿದ ಕೂಡಲೇ ಆ ಮಾತು ಮಾಮನ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಮೊದಲ ಮನೆಯಲ್ಲಿ "ನಮ್ಮ ತಂಗಿ ಮಗಳು, ಈ ಕಡೆ ಬಂದಿದ್ದಳು" ಎಂದರು. ಎರಡನೆಯದರಲ್ಲಿ "ಕಣ್ಣು ಸ್ವಲ್ಪ ಮಂಜು ನೋಡಿ, ಕೈ ಹಿಡಿದು ನಡೆಸೋಕೆ" ಎಂದರು. ಗ್ಯಾರೇಜಿನವನ ಹತ್ತಿರ "ಬ್ಯಾಗು ಭಾರ" ಎಂದರು. ಔಷಧಿ ಅಂಗಡಿಯಲ್ಲಿ ಪರಿಚಯ ಮಾಡಿಸುವುದನ್ನೇ ಮರೆತದ್ದರಿಂದ, ಅಂಗಡಿಯವನು ಅರ್ಧ ಗಂಟೆ ಕಾದಿದ್ದ ಅವಳ ಕಡೆ ತಿರುಗಿ, "ನಿಮಗೇನು ಬೇಕಮ್ಮ, ಚೀಟಿ ಕೊಡಿ" ಎಂದ.

"ಮಾವ, ನಾನು ನಿಮ್ಮ ಉತ್ತರಾಧಿಕಾರಿಯೋ ನಿಮ್ಮ ಊರುಗೋಲೋ?" ಎಂದು ಅವಳು ರಸ್ತೆಯಲ್ಲಿ ಕೇಳಿದಳು.

"ಆತುರ ಪಡಬಾರದು," ಎಂದರು ಮಾಮ. "ಮೊದಲು ಕಲಿ."

ಕಲಿಸುವುದರಲ್ಲಿ ಮಾತ್ರ ಅವರು ಜಿಪುಣರಲ್ಲ. ನಡೆಯುತ್ತ ನಡೆಯುತ್ತಲೇ ಪಾಠ. "ಯಾರ ಮನೆಗೆ ಹೋದ್ರೂ ಯಜಮಾನನ ಕುರ್ಚೀಲಿ ಕೂರಬೇಡ. ಯಾವುದು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಬೆಕ್ಕು ಎಲ್ಲಿ ಮಲಗಿದೆ ನೋಡು. ಅದೇ."

"ಬೆಕ್ಕಿಲ್ಲದ ಮನೇಲಿ?"

"ನಿಂತಿರು. ಟೀ ಕೊಟ್ರೆ ಅವರಿಗಿಂತ ಮೊದಲು ಮುಗಿಸಬೇಡ. ಲೋಟ ಕೆಳಗಿಟ್ಟೆ ಅಂದ್ರೆ ಎದ್ದು ಹೊರಟೆ ಅಂತ ಅರ್ಥ. ಎಲ್ಲಕ್ಕಿಂತ ಮುಖ್ಯ, ಆ ಪದ ಮಾತ್ರ ಬಾಯಿಗೆ ತರಬಾರದು."

"ಯಾವ ಪದ?"

ಮಾಮ ರಸ್ತೆಯ ಆಚೆ ಈಚೆ ನೋಡಿದರು. "ಅದೇ."

"ಸಾವಾ?"

"ಶ್!"

ಈ ಪಾಠ ಎಷ್ಟು ಹತ್ತಿತು ಎಂಬುದು ಅದೇ ದಿನ ಇಸ್ತ್ರಿ ಅಂಗಡಿಯಲ್ಲಿ ಗೊತ್ತಾಯಿತು. ಇಸ್ತ್ರಿಯವನು ಎಂಟು ವರ್ಷದಿಂದ ಮಾಮನ ಕೈಗೆ ಸಿಗದೆ ಜಾರಿಕೊಂಡಿದ್ದ ಮೀನು. ಮಾಮ ಗಂಟಲು ಸರಿಮಾಡಿಕೊಂಡು, "ಅಕಸ್ಮಾತ್ ನಿನಗೇನಾದರೂ ಆದರೆ..." ಎಂದರು.

"ಏನಾಗುತ್ತೆ ಮಾಮ ನನಗೆ? ಗುಂಡುಕಲ್ಲಿನ ಹಾಗಿದ್ದೀನಿ," ಎಂದ ಅವನು, ಇಸ್ತ್ರಿಯಿಂದ ತಲೆ ಎತ್ತದೆ.

"ಅಣ್ಣ," ಎಂದಳು ಸೊಸೆ, "ನೀವು ಸತ್ತರೆ ಈ ಅಂಗಡಿ ಯಾರು ನಡೆಸ್ತಾರೆ? ಮನೆ ಹೇಗೆ ನಡೆಯುತ್ತೆ?"

ಮಾಮ ಕಣ್ಣು ಮುಚ್ಚಿಕೊಂಡರು. ಇಸ್ತ್ರಿಯವನ ಕೈ ನಿಂತಲ್ಲೇ ನಿಂತಿತು. ಸುಟ್ಟ ವಾಸನೆ ಬಂದಾಗಲೇ ಅವನು ಎಚ್ಚೆತ್ತು ಪೆಟ್ಟಿಗೆ ಎತ್ತಿದ್ದು. ಯಾರದೋ ಬಿಳಿ ಅಂಗಿಯ ಬೆನ್ನಿನ ಮೇಲೆ ಕಂದು ಬಣ್ಣದ ಮೊನಚು ಗುರುತು ಮೂಡಿತ್ತು.

"ಸಾಯೋದಾ?" ಎಂದ ಅವನು. "ಮಾಮ ಎಂಟು ವರ್ಷದಿಂದ ಏನಾದರೂ ಆದರೆ, ಏನಾದರೂ ಆದರೆ ಅಂತಾರೆ. ನಾನು ಜ್ವರ ಬರೋದು, ಕಾಲು ಉಳುಕೋದು ಅಂತಿಟ್ಕೊಂಡಿದ್ದೆ. ಎಲ್ಲಿ ಸೈ ಹಾಕಬೇಕಮ್ಮ?"

ಮನೆಯವರೆಗೆ ಮಾಮ ಸೊಸೆಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಹೆಂಡತಿ ಏನಾಯಿತೆಂದು ಕೇಳಿದಾಗ, "ಸೈ ಹಾಕಿದ. ಆದರೆ ಹಾಕಬೇಕಾದ ರೀತೀಲಿ ಹಾಕಲಿಲ್ಲ," ಎಂದು ಮುಖ ಊದಿಸಿಕೊಂಡು ಒಳಗೆ ಹೋದರು.

ಆ ಗೆಲುವಿನಿಂದ ಸೊಸೆಗೆ ಸ್ವಲ್ಪ ರೆಕ್ಕೆ ಬಂದಿತ್ತು. ಎರಡು ದಿನ ಬಿಟ್ಟು ಗಡಿಯಾರ ರಿಪೇರಿಯವರ ಮನೆಗೆ ಹೋಗುವಾಗ, ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಳು. ಆ ಗಂಡ ಹೆಂಡತಿ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದರು. ಮಾಮ ಅಲ್ಲಿಗೆ ಹೋಗಿ ಒಂದು ವರ್ಷವೇ ಆಗಿತ್ತು. ಬಾಗಿಲು ತೆಗೆದ ರಿಪೇರಿಯವರು ಅವರಿಬ್ಬರನ್ನು ಕೂರಿಸಿ ತಾವೂ ಎದುರು ಕೂತರು. ಸೊಸೆ ಬ್ಯಾಗಿನ ಜಿಪ್ಪಿಗೆ ಕೈಹಾಕಿದಳು. ಮಾಮ ಸದ್ದಿಲ್ಲದೆ ತಮ್ಮ ಅಂಗೈಯನ್ನು ಆ ಬ್ಯಾಗಿನ ಮೇಲಿಟ್ಟು ಒತ್ತಿ ಹಿಡಿದರು.

ಆಮೇಲೆ ಒಂದು ಗಂಟೆ ಮಾತಾಡಿದ್ದು ಬರೀ ಗಡಿಯಾರದ ವಿಷಯ. ಲೋಲಕ ಯಾಕೆ ಹಿಂದೆ ಬೀಳುತ್ತದೆ, ಹಿತ್ತಾಳೆಯ ಹಲ್ಲಿನ ಚಕ್ರ ಈಗ ಎಲ್ಲಿ ಸಿಗುತ್ತದೆ, ಹಳೆಯ ಅಲಾರಂಗಳ ಗಂಟೆಗೂ ಈಗಿನವುಗಳ ಕೀರಲಿಗೂ ಏನು ವ್ಯತ್ಯಾಸ. ಎದ್ದು ಹೊರಡುವಾಗ ರಿಪೇರಿಯವರು ಬಾಗಿಲ ಚೌಕಟ್ಟು ಹಿಡಿದುಕೊಂಡು, "ಇಪ್ಪತ್ತು ದಿನ ಆಯ್ತು ಮಾಮ. ಯಾರಿಗೂ ಹೇಳೋಕೇ ಆಗಲಿಲ್ಲ," ಎಂದರು. ಮಾಮ ಅವರ ಭುಜ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು.

ಮೆಟ್ಟಿಲು ಇಳಿದ ಮೇಲೆ ಸೊಸೆ ಮೆಲ್ಲಗೆ ಕೇಳಿದಳು. "ಅವರ ಹೆಂಡತಿ ಇಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು ಮಾವ? ನಿಮಗೆ ಕಣ್ಣೇ ಸರಿಯಾಗಿ ಕಾಣಲ್ಲ."

"ಇದಕ್ಕೆ ಕಣ್ಣು ಯಾಕೆ? ಮನೆ ತುಂಬ ಗಡಿಯಾರ, ಒಂದೂ ಟಿಕ್ ಅನ್ನಲಿಲ್ಲ. ಕೀ ಕೊಡ್ತಿದ್ದೋರು ಆಕೆ. ರಿಪೇರಿ ಇವರದು, ಕೀ ಆಕೇದು. ಮದುವೆಯಾದಾಗಿಂದ ಹಾಗೇ."

ಇಬ್ಬರೂ ಬಸ್ ಸ್ಟಾಪಿಗೆ ನಡೆದರು. ಬಸ್ಸು ಬಂದಾಗ, ಯಾವತ್ತೂ ಇಲ್ಲದ್ದು, ಮಾವನ ಕೈಯಿಂದ ಕೊಡೆಯನ್ನೂ ತಾನೇ ತೆಗೆದುಕೊಂಡಳು.

ಅವಳು ಸುಮ್ಮನೆ ಹಿಂದೆ ಹಿಂದೆ ನಡೆಯುವ ಪೈಕಿ ಅಲ್ಲ ಎನ್ನುವುದು ಮೂರನೆಯ ವಾರ ಮತ್ತೊಮ್ಮೆ ಗೊತ್ತಾಯಿತು. ಮಾಮನ ಬೀರುವಿನಲ್ಲಿದ್ದ ಹಳೆಯ ಕಡತಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಪ್ರತಿಯೊಂದರಲ್ಲೂ ನಾಮಿನಿ ಯಾರೆಂದು ನೋಡತೊಡಗಿದಳು. ಪಾಲಿಸಿ ಮಾಡಿಸಿದವರು ತೀರಿಕೊಂಡರೆ ಹಣ ಯಾರ ಕೈ ಸೇರಬೇಕೋ ಅವರೇ ನಾಮಿನಿ. ಬರೆಸಿದ ಮೇಲೆ ಜನ ಅದನ್ನು ಮರೆತೇಬಿಡುತ್ತಾರೆ. ಜೀವನ ಮಾತ್ರ ಮುಂದಕ್ಕೆ ಹೋಗಿರುತ್ತದೆ.

ವ್ಯಾನ್ ಓಡಿಸುವವನ ಮನೆಯಲ್ಲಿ ಅವಳು ಕಡತದಿಂದ ನಾಮಿನಿಯ ಹೆಸರನ್ನು ಕ್ಲಿನಿಕ್ಕಿನ ದನಿಯಲ್ಲೇ ಓದಿದಳು. ಅಡುಗೆಮನೆಯಿಂದ ಅವನ ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಯಾರ್ರೀ ಅದು?" ಮದುವೆ ನಿಶ್ಚಯವಾಗಿ ಮುರಿದುಹೋದ ಹಳೆಯ ಸಂಬಂಧದ ಹುಡುಗಿ ಎಂದು ಹೇಳಿ ಮುಗಿಸುವಷ್ಟರಲ್ಲಿ ವ್ಯಾನಿನವನು ಬೆವತು ನೀರಾಗಿದ್ದ. ಹೆಸರು ಬದಲಾಯಿಸುವ ಫಾರಂ ಆ ಮನೆಯಲ್ಲಿ ತುಂಬಿದಷ್ಟು ಬೇಗ ಇನ್ನೆಲ್ಲೂ ತುಂಬಲಿಲ್ಲ. ದರ್ಜಿಯ ಕಥೆ ಬೇರೆ. ಅವನ ನಾಮಿನಿ ಹನ್ನೊಂದು ವರ್ಷದಿಂದ ಮಾತು ಬಿಟ್ಟಿರುವ ಅಣ್ಣ. ಬದಲಾಯಿಸೋಣವೇ ಎಂದರೆ ದರ್ಜಿ ಅಳತೆಪಟ್ಟಿಯನ್ನು ಕೊರಳಿಗೆ ಸುತ್ತಿಕೊಳ್ಳುತ್ತ, "ಬೇಡ, ಇರಲಿ. ದುಡ್ಡು ಕೈಗೆ ಬಂದ ದಿನವಾದ್ರೂ ಅವನಿಗೆ ನಾಚಿಕೆ ಆಗಲಿ," ಎಂದ.

ಇಂಥ ಕಡತಗಳು ಮೂವತ್ತಕ್ಕೂ ಹೆಚ್ಚು ಸಿಕ್ಕವು. ಪ್ರತಿಯೊಂದು ಸಿಕ್ಕಾಗಲೂ ಮಾಮ ತಲೆ ಚಚ್ಚಿಕೊಂಡರು. "ಹೇಳಿ ಹೇಳಿ ನನ್ನ ಬಾಯಿಗೇ ನೋವು ಬಂತು. ಒಬ್ಬರಾದ್ರೂ ಕಿವಿ ಮೇಲೆ ಹಾಕಿಕೊಂಡ್ರಾ?"

ಒಂದು ಬೆಳಿಗ್ಗೆ ಅವಳು ಮಾಮನ ಮನೆಯಲ್ಲಿ, ಅದೇ ಊಟದ ಮೇಜಿನ ಮುಂದೆ, ಒಂದು ಹಳೆಯ ಕಡತ ಹಿಡಿದು ಕೂತಿದ್ದಳು. ಹೆಂಡತಿ ಹಿತ್ತಲಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು.

"ಮಾವ, ಇನ್ನೊಬ್ಬರು ಗಿರಾಕಿ. ನಲವತ್ತೊಂದು ವರ್ಷದ ಪಾಲಿಸಿ, ಜೀವ ಇರೋವರೆಗೂ ನಡೆಯೋದು. ನಾಮಿನಿ ತೀರಿಕೊಂಡು ಇಪ್ಪತ್ತೆರಡು ವರ್ಷ ಆಗಿದೆ. ಇವರಿಗೆ ಮದುವೆಯಾಗಿ ಮೂವತ್ತೆಂಟು ವರ್ಷ. ಹೆಂಡತಿ ಹೆಸರು ಎಲ್ಲೂ ಇಲ್ಲ."

"ಎಂಥ ಬೇಜವಾಬ್ದಾರಿ ಮನುಷ್ಯ!" ಮಾಮ ಪತ್ರಿಕೆ ಮಡಿಸಿಟ್ಟು ಎದ್ದೇಬಿಟ್ಟರು. "ಕಟ್ಟಿಕೊಂಡವಳನ್ನ ಹೀಗೆ ನಡುನೀರಲ್ಲಿ ಬಿಡೋದಾ? ಯಾರವನು? ವಿಳಾಸ ಓದು, ಈಗಲೇ ಹೋಗಿ ಎರಡು ಮಾತು ಕೇಳೋಣ."

"ಹೋಗೋದು ಬೇಡ ಮಾವ. ಬಂದಿದ್ದೀವಿ."

ಮಾಮ ಕಡತವನ್ನು ಮೂಗಿನ ಹತ್ತಿರ ತಂದರು. ಹಳದಿಯಾದ ಕಾಗದ. ಅದರ ಮೇಲೆ ತಮ್ಮದೇ ಪ್ರಾಯದ ದಿನಗಳ ಕೈಬರಹ, ಆಗಿನ ಗುಂಡು ಗುಂಡು ಅಕ್ಷರ. ನಾಮಿನಿಯ ಜಾಗದಲ್ಲಿ ತಮ್ಮ ತಾಯಿಯ ಹೆಸರು. ಅವರು ಮೆಲ್ಲಗೆ ಕುರ್ಚಿಗೆ ವಾಪಸಾದರು.

"ನಿಮ್ಮತ್ತೆಗೆ ಹೇಳಬೇಡ."

"ಹೇಳಲ್ಲ. ಫಾರಂ ತಂದಿದ್ದೀನಿ. ಇಲ್ಲೊಂದು ಸೈ ಹಾಕಿ, ಮುಗೀತು."

ಮಾಮ ಪೆನ್ನು ತೆಗೆದುಕೊಂಡರು. ಹಿಡಿದುಕೊಂಡೇ ಕೂತರು. ಆಮೇಲೆ ಮೇಜಿಗೆ ಹೇಳುವವರಂತೆ ಮಾತಾಡಿದರು.

"ನನ್ನ ಮೊದಲ ಪಾಲಿಸಿ ಇದು. ಬೇರೆ ಯಾರೂ ಸಿಗದೆ ನನಗೆ ನಾನೇ ಮಾಡಿಕೊಂಡೆ. ಅಮ್ಮನಿಗೆ ತೋರಿಸಿ, ನಾನು ಸತ್ರೆ ದುಡ್ಡು ನಿನಗೇ ಬರುತ್ತೆ ಅಂದೆ. ಸಂತೋಷ ಪಡ್ತಾಳೆ ಅಂದ್ಕೊಂಡಿದ್ದೆ. ಬಾಯಿ ಮುಚ್ಚೋ ಅಂತ ಬೆನ್ನಿಗೆ ಒಂದು ಗುದ್ದು ಕೊಟ್ಟಳು ನೋಡು, ಎರಡು ದಿನ ನೋವಿತ್ತು. ಅವತ್ತಿಂದ ಆ ಮಾತು ನನ್ನ ಬಾಯಲ್ಲಿ ಬರಲಿಲ್ಲ. ಮದುವೆ ಆದ ಮೇಲೆ ಬದಲಾಯಿಸೋಣ ಅಂದ್ಕೊಂಡೆ. ಹೆಂಡತಿ ಬಂದಳು, ನನ್ನನ್ನ ತೆಗೆದ ಅಂತ ಅಮ್ಮನಿಗೆ ಅನ್ನಿಸಿದ್ರೆ? ಅಮ್ಮ ಹೋದ ಮೇಲೆ... ಆ ಹೆಸರಿನ ಮೇಲೆ ಗೆರೆ ಎಳೀಬೇಕಲ್ಲ ಅಂತ ಕೈಯೇ ಬರಲಿಲ್ಲ. ಎರಡನೇ ಸಲ ಕಳಿಸಿಕೊಟ್ಟ ಹಾಗಾಗುತ್ತೆ."

"ಗೆರೆ ಎಳೆಯೋದಿಲ್ಲ ಮಾವ," ಎಂದಳು ಸೊಸೆ. ಕ್ಲಿನಿಕ್ಕಿನ ದನಿ ಎಲ್ಲಿ ಹೋಗಿತ್ತೋ, ಅವಳ ಮಾತು ಎದುರಿನವರಿಗೆ ಮಾತ್ರ ಕೇಳಿಸುವಷ್ಟಿತ್ತು. "ಹಳೇ ಹಾಳೆ ಹಾಗೇ ಇರುತ್ತೆ. ಅಜ್ಜಿ ಹೆಸರು ಅದರಲ್ಲೇ ಇರುತ್ತೆ, ಯಾರೂ ಮುಟ್ಟಲ್ಲ. ಇದು ಬೇರೆ ಹಾಳೆ. ಅದರ ಹಿಂದೆ ಸೇರಿಸ್ತೀವಿ, ಅಷ್ಟೇ."

ಅದೇನು ಮಾಮನಿಗೆ ಗೊತ್ತಿಲ್ಲದ ವಿಷಯವಲ್ಲ. ನೂರಾರು ಜನರಿಗೆ ಅವರೇ ಹೇಳಿದ್ದರು. ಆದರೆ ಮೇಜಿನ ಈ ಬದಿಯಲ್ಲಿ ಕೂತು ಕೇಳಿಸಿಕೊಂಡಿದ್ದು ಇದೇ ಮೊದಲು. ಅವರು ಸೈ ಹಾಕಿದರು.

"ನನ್ನ ಹೆಸರು ನೆಟ್ಟಗೆ ಬರೆದಿದ್ದೀರಾ?" ಹಿತ್ತಲ ಬಾಗಿಲಲ್ಲಿ ಹೆಂಡತಿ ನೀರಿನ ಕ್ಯಾನು ಹಿಡಿದು ನಿಂತಿದ್ದರು. "ವಯಸ್ಸು ನೋಡಿ ಹಾಕಿ. ನನ್ನನ್ನೂ ನೂರು ದಾಟಿಸಿಬಿಟ್ಟೀರಿ."

ಮಾಮನ ಕೈಯಿಂದ ಪೆನ್ನು ಜಾರಿತು. "ನಿನಗೆ... ಯಾವಾಗ ಗೊತ್ತಾಯ್ತು?"

"ಬೀರು ಒರೆಸೋರು ಯಾರು ಅಂತ ತಿಳ್ಕೊಂಡಿದ್ದೀರಿ? ಮದುವೆಯಾದ ಎರಡನೇ ವರ್ಷಾನೇ ನೋಡಿದೆ. ಊರಿಗೆಲ್ಲ ಹೇಳೋ ಮನುಷ್ಯ, ಇವತ್ತಲ್ಲ ನಾಳೆ ನೆನಪಾಗುತ್ತೆ ಅಂತ ಸುಮ್ಮನಾದೆ. ಆಮೇಲಾಮೇಲೆ ಅದೇ ತಮಾಷೆ ಆಯ್ತು. ನೀವು ಫೋನಲ್ಲಿ ಯಾರಿಗಾದ್ರೂ 'ಏನಯ್ಯಾ, ಇನ್ನೂ ನಾಮಿನಿ ಬದಲಾಯಿಸಿಲ್ವಾ' ಅಂತ ಗದರಿಸಿದಾಗೆಲ್ಲ ನಾನು ಅಡುಗೆಮನೇಲಿ ಬಾಯಿಗೆ ಸೆರಗು ಇಟ್ಕೊಂಡು ನಗ್ತಿದ್ದೆ."

"ಒಂದು ಮಾತು ಕೇಳಬಹುದಿತ್ತಲ್ಲ."

"ಅದು ಕೇಳಿ ತಗೊಳ್ಳೋ ಜಾಗಾನಾ?" ಎಂದರು ಆಕೆ. ದನಿಯಲ್ಲಿ ನಗು ಇನ್ನೂ ಇತ್ತು, ಆದರೆ ಕಣ್ಣು ಕ್ಯಾನಿನ ಮೂತಿಯ ಕಡೆ ಹೋಯಿತು. ತೊಟ್ಟಿಕ್ಕುತ್ತಿದ್ದ ನೀರನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು.

ಮಾಮ ಎದ್ದು ಹೋಗಿ ಆ ಕ್ಯಾನನ್ನು ಅವರ ಕೈಯಿಂದ ತೆಗೆದುಕೊಂಡರು. ಎಲ್ಲಿಡಬೇಕೆಂದು ತೋಚದೆ ಅದನ್ನು ಊಟದ ಮೇಜಿನ ಮೇಲೆಯೇ, ಕಡತದ ಪಕ್ಕದಲ್ಲಿ ಇಟ್ಟರು. "ಅಯ್ಯೋ, ಕಾಗದ ನೆನೆಯುತ್ತೆ!" ಎಂದು ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಕೂಗಿದರು.

ಮರುದಿನ ಮಾಮ ತಾವಾಗಿಯೇ ಶಾಖೆಗೆ ಹೋಗಿ ಮ್ಯಾನೇಜರನ ಆ ಒಂದು ಪುಟದ ಫಾರಂ ಕೇಳಿ ಪಡೆದರು. ಅದರಲ್ಲಿ, ಈ ವ್ಯಕ್ತಿಯನ್ನೇ ಆರಿಸಲು ಕಾರಣವೇನು ಎಂದು ಒಂದು ಕಲಂ ಇತ್ತು. 'ನಾನು ಹೇಳಲಾರದ್ದನ್ನು ಹೇಳುತ್ತಾಳೆ. ಈಗೀಗ ಹೇಳದೆ ಇರುವುದನ್ನೂ ಕಲಿಯುತ್ತಿದ್ದಾಳೆ' ಎಂದು ದೊಡ್ಡ ಅಕ್ಷರದಲ್ಲಿ ಬರೆದರು. ಸಾಲು ಕಲಂ ದಾಟಿ, ಕಚೇರಿಯ ಉಪಯೋಗಕ್ಕೆ ಮಾತ್ರ ಎಂದಿದ್ದ ಜಾಗಕ್ಕೂ ನುಗ್ಗಿತು. ಮ್ಯಾನೇಜರ್ ತುಟಿಪಿಟಕ್ ಅನ್ನಲಿಲ್ಲ.

ಕಣ್ಣಿನ ಆಪರೇಷನ್ನೂ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕೂರಬೇಕಾಯಿತು. ಮೊದಲ ಮೂರು ದಿನ ಮಾಮ ಅರ್ಧ ಗಂಟೆಗೊಮ್ಮೆ ಸೊಸೆಗೆ ಫೋನು ಮಾಡಿದರು. ನಾಲ್ಕನೆಯ ದಿನ ಹೆಂಡತಿ ಫೋನನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟರು. ಆಮೇಲೆ ಮಾಮ ಸಂಜೆಯಾಗುವುದನ್ನೇ ಕಾಯತೊಡಗಿದರು. ಅವಳು ಬಂದ ಕೂಡಲೇ ಏನೂ ಕೇಳದೆ ಗಂಭೀರವಾಗಿ ಕೂರುವುದು, ಎರಡು ನಿಮಿಷವೂ ತಡೆಯಲಾರದೆ ಎಲ್ಲವನ್ನೂ ಕೇಳುವುದು.

ಎರಡನೆಯ ವಾರದ ಒಂದು ದಿನ ಅವಳು ನಾಲ್ಕು ಗಂಟೆಗೇ ಬಂದಳು. ಚಪ್ಪಲಿಗೆ ಕೆಂಪು ಮಣ್ಣು ಮೆತ್ತಿಕೊಂಡಿತ್ತು.

"ಎಲ್ಲಿ ಹೋಗಿದ್ದೆ?"

"ಹಳೇ ಮಿಲ್ಲಿನ ಹಿಂದೆ ಹೊಸ ಬೀದಿ ಆಗಿದೆಯಲ್ಲ, ಅಲ್ಲಿಗೆ."

"ಅಲ್ಲಿ ನಮ್ಮ ಗಿರಾಕಿ ಯಾರಿದ್ದಾರೆ?"

"ಯಾರೂ ಇಲ್ಲ. ಒಂದು ಬಾಗಿಲು ತಟ್ಟಿದೆ."

ಮಾಮ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಈ ಊರಿನಲ್ಲಿ ತಾವು ಮೆಟ್ಟಿಲು ಹತ್ತದ ಮನೆ ಒಂದಿದೆ ಎಂಬುದೇ ಅವರಿಗೆ ಹೊಸ ಸುದ್ದಿ.

"ಯಾರು ತೆಗೆದ್ರು?"

"ಒಬ್ಬಳು ಹುಡುಗಿ, ನನಗಿಂತ ಚಿಕ್ಕವಳು. ಕಂಕುಳಲ್ಲಿ ಮಗು, ಕಿರುಚಾಡ್ತಾ ಇತ್ತು. ಒಲೆ ಮೇಲೆ ಹಾಲು. ನಾನು ಮಗು ಎತ್ಕೊಂಡೆ, ಅವಳು ಹಾಲು ಇಳಿಸಿದಳು. ಆಮೇಲೆ ಮಗು ನನ್ನ ಹೆಗಲ ಮೇಲೇ ಮಲಗಿಬಿಡ್ತು. ಬ್ಯಾಗು ತೆಗೆಯೋಕೆ ಕೈಯೇ ಖಾಲಿ ಇರಲಿಲ್ಲ. ಅವಳ ಗಂಡ ಲಿಫ್ಟ್ ರಿಪೇರಿ ಮಾಡ್ತಾನಂತೆ. ಭಾನುವಾರ ಮನೇಲಿರ್ತಾನೆ, ಬನ್ನಿ ಅಂದಳು."

"ಬಾಗಿಲು ಯಾವ ಬಣ್ಣ?"

"ಹಸಿರು."

"ಕಡು ಹಸಿರೋ, ತಿಳಿ ಹಸಿರೋ? ಮೆಟ್ಟಿಲು ಎಷ್ಟು? ಒಳಗೆ ಹೋದ ಕೂಡಲೇ ಎಡಕ್ಕೆ ಏನಿದೆ?"

"ಮಾವ, ನಾನೊಂದು ಗುಟುಕು ಟೀ ಕುಡೀಲಾ?"

"ಕುಡಿ, ಕುಡಿ," ಎಂದರು ಮಾಮ. ಅವಳ ಲೋಟ ಅರ್ಧವಾಗುವವರೆಗೆ ಹೇಗೋ ತಡೆದುಕೊಂಡು, ಕಪ್ಪು ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿ, ತೆರೆದ ಹೊಸ ಕಣ್ಣಿನಿಂದ ಅವಳನ್ನೇ ನೋಡುತ್ತ ಕೇಳಿದರು. "ಹ್ಞೂಂ, ಮೊದಲಿಂದ ಹೇಳು. ಬಸ್ಸು ಇಳಿದೆ. ಆಮೇಲೆ?"